ಷಡ್ಡಕನ ಗಾಡಿಯ ಆಯಿಲ್

ಮರ್ಲ್ ಡಿಟ್ಮರನಿಗೆ ತನ್ನ ಷಡ್ಡಕನ ಮೇಲೆ ದ್ವೇಷವೇನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನೆಬ್ರಾಸ್ಕದ ಹ್ಯಾಡ್ಲಿ ಎಂಬ ಆ ಸಣ್ಣ ಊರಿನಲ್ಲಿ ಮರ್ಲ್ ಈ ಮಾತನ್ನು ಹೇಳದೆ ಬಿಟ್ಟ ಮನುಷ್ಯನೇ ಇಲ್ಲ. ಡಾರೆಲ್ ಕುಚೇರಾ ಬಂಗಾರದಂಥವನು, ನನ್ನ ಹೆಂಡತಿಯ ತಂಗಿಯ ಗಂಡ, ಅವನು ಉದ್ಧಾರವಾದರೆ ನನಗಿಂತ ಹೆಚ್ಚು ಸಂತೋಷಪಡುವವರು ಯಾರಿದ್ದಾರೆ ಎನ್ನುತ್ತಿದ್ದ. ಹಾಗೆ ಹೇಳಿ ಮುಗಿಸುವಷ್ಟರಲ್ಲಿ ಅವನ ಕೈಯಲ್ಲಿದ್ದ ಕಾಗದದ ಕಾಫಿ ಲೋಟ ಮಾತ್ರ ಯಾಕೋ ಮುದ್ದೆಯಾಗಿರುತ್ತಿತ್ತು.

ಇಬ್ಬರೂ ಹತ್ತೊಂಬತ್ತು ವರ್ಷ ಒಂದೇ ಕಂಪನಿಯ ಟ್ರಕ್ಕು ಓಡಿಸಿದವರು. ಒಂದೇ ಡಾಂಬರು, ಒಂದೇ ಬೆನ್ನುನೋವು. ಹೀಗಿರುವಾಗ ಡಾರೆಲ್ ಒಂದು ದಿನ ಕೆಲಸ ಬಿಟ್ಟು, ಏಳು ವರ್ಷ ಓಡಿದ ಉದ್ದ ಮೂತಿಯ ಹದಿನೆಂಟು ಚಕ್ರದ ಗಾಡಿಯೊಂದನ್ನು ಕೊಂಡುಕೊಂಡ. ಕೊಂಡವನು ಸುಮ್ಮನಿರಬೇಕೋ ಬೇಡವೋ. ಎರಡೂ ಬಾಗಿಲ ಮೇಲೆ ಚಿನ್ನದ ಬಣ್ಣದಲ್ಲಿ ತನ್ನ ಹೆಸರು ಬರೆಸಿದ. ಹೆಸರು ಬರೆಸುವುದು ಸರ್ಕಾರದ ಕಾನೂನು, ಆಸೆಗೆ ಬರೆಸಿದ್ದಲ್ಲ ಎಂದು ಡಾರೆಲ್ ಹೇಳಿದ. ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಸು ಅಂತ ಯಾವ ಕಾನೂನು ಹೇಳಿದೆ ಎಂದು ಮರ್ಲ್ ಮನಸ್ಸಿನಲ್ಲೇ ಕೇಳಿಕೊಂಡ.

ಅದನ್ನೂ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ, ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿಯನ್ನು ಕೊಯ್ದು ಬಡಿಸುವ ಚಾಕುವನ್ನು ಮಾವ ಡಾರೆಲ್ಲನ ಕೈಗೆ ಕೊಟ್ಟರು. ಇಪ್ಪತ್ತಾರು ವರ್ಷದಿಂದ ಹಿರಿಯಳಿಯನ ಕೈಯಲ್ಲಿದ್ದ ಚಾಕು. "ಈ ಸಲ ಓನರ್ ಕೊಯ್ಯಲಿ ಬಿಡು" ಅಂದರು ಮಾವ. ಮರ್ಲ್ ಹಲ್ಲು ಕಿರಿದ, ಎರಡು ಸಲ ಬಡಿಸಿಕೊಂಡು ತಿಂದ, ಮನೆಗೆ ಬಂದು ಹೆಂಡತಿ ಜೊಲೀನಳಿಗೆ ತಾನೂ ಗಾಡಿ ಕೊಳ್ಳುವುದಾಗಿ ಹೇಳಿದ.

ಜೊಲೀನ್ ಶಾಲೆಯ ಅಡುಗೆಮನೆ ನಡೆಸುವವಳು, ಮುನ್ನೂರು ಮಕ್ಕಳಿಗೆ ದಿನಾ ಬೇಯಿಸಿಹಾಕಿ ಯಾವುದಕ್ಕೂ ಗಾಬರಿಯಾಗದ ಹೆಂಗಸು. ಬೇಡ ಅನ್ನಲಿಲ್ಲ. ಮುಪ್ಪಿಗೆ ಅಂತ ಇಬ್ಬರೂ ಕೂಡಿಟ್ಟದ್ದು ಇರುವುದು ಅಷ್ಟೇ, ಇದೊಂದು ಸಲ ಕೈ ಹಾಕಿದರೆ ಇನ್ನೊಂದು ಸಲಕ್ಕೆ ಏನೂ ಉಳಿಯುವುದಿಲ್ಲ, ಆದ್ದರಿಂದ ಎಂಜಿನ್ನಿನ ಹೊಟ್ಟೆಯಲ್ಲಿ ಏನಿದೆ ಅಂತ ನೋಡಿ ತಗೋ ಅಂದಳು.

ಹಳೇ ಗಾಡಿಯ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವುದಕ್ಕೆ ಆ ಕಡೆಯವರಲ್ಲಿ ಒಂದು ಕ್ರಮವಿದೆ. ನಾವು ರಕ್ತಪರೀಕ್ಷೆ ಮಾಡಿಸುವ ಹಾಗೆ ಅವರು ಆಯಿಲ್ ಪರೀಕ್ಷೆ ಮಾಡಿಸುತ್ತಾರೆ. ಎಂಜಿನ್ ಬಿಸಿಯಿದ್ದಾಗ ಆಯಿಲ್ ಅಳೆಯುವ ಕಡ್ಡಿ ಹೊರತೆಗೆದು, ಆ ತೂತಿನಲ್ಲಿ ಸಣ್ಣ ಕೊಳವೆ ಇಳಿಸಿ, ಪುಟ್ಟ ಬಾಟಲಿಯೊಂದಕ್ಕೆ ಆಯಿಲ್ ಎಳೆದು, ಹೆಸರಿನ ಚೀಟಿ ಅಂಟಿಸಿ ಅಂಚೆಗೆ ಹಾಕಬೇಕು. ಯಾವ ಭಾಗ ಸವೆದಿದೆ, ಎಲ್ಲಿ ನೀರು ಸೇರಿದೆ ಎಂದೆಲ್ಲ ಹತ್ತು ದಿನದಲ್ಲಿ ಕಾಗದ ಬರುತ್ತದೆ.

ಗಾಡಿ ಹುಡುಕುತ್ತ ಹುಡುಕುತ್ತ ಮುಂದಿನ ವರ್ಷದ ಆಗಸ್ಟ್ ಬಂತು. ಮೂವತ್ತು ಮೈಲಿ ಆಚೆ ಎಮಿಲ್ ವೊಂಡ್ರಾ ಎಂಬ ಎಪ್ಪತ್ತೆಂಟರ ಮುದುಕನ ಬಳಿ ಒಂದು ಕಡುನೀಲಿ ಗಾಡಿ ಮಾರಾಟಕ್ಕಿತ್ತು. ಮರ್ಲ್ ಒಂದು ಶನಿವಾರ ಹೋಗಿ ನೋಡಿದ. ಹೊಳೆಯುವ ಹೊಗೆ ಕೊಳವೆಗಳು, ಡಾರೆಲ್ಲನ ಗಾಡಿಗಿಂತ ಒಂದು ಮೊಳ ಉದ್ದದ ಮೂತಿ. ಇನ್ನೇನು ಬೇಕು. ಎಂಜಿನ್ ಬಿಸಿ ಮಾಡಿಸಿ ಬಾಟಲಿ ತುಂಬಿಸಿಕೊಂಡ, ಜಾಕೆಟ್ಟಿನ ಜೇಬಿಗೆ ಹಾಕಿಕೊಂಡ. ಪರೀಕ್ಷೆಯ ಪೊಟ್ಟಣದಲ್ಲಿ ಎರಡು ಬಾಟಲಿ ಇದ್ದವು, ಒಂದು ಉಳಿಯಿತು. ಇಷ್ಟಕ್ಕೆಲ್ಲ ಮೂಲ ಆ ಉಳಿದ ಬಾಟಲಿ.

ಮಾರನೆಯ ದಿನ ಭಾನುವಾರ. ಡಾರೆಲ್ ಎಂದಿನಂತೆ ಟ್ರೇಲರ್ ಕಳಚಿಟ್ಟು ಬರೀ ಮುಂದಿನ ಗಾಡಿಯಲ್ಲಿ ಚರ್ಚಿಗೆ ಬಂದಿದ್ದ. ಪ್ರಾರ್ಥನೆ ಮುಗಿದ ಕೂಡಲೇ ಲೋಡಿಗೆ ಹೊರಡುವುದು ಅವನ ಪದ್ಧತಿ. ಒಳಗೆ ಪಾಸ್ಟರ್ ಲಿಂಡ್‌ಕ್ವಿಸ್ಟ್ ನೆರೆಯವರನ್ನು ಪ್ರೀತಿಸುವುದರ ಬಗ್ಗೆ ಹೇಳುತ್ತಿದ್ದರು. ಮರ್ಲನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಅಷ್ಟು ಮಿಂಚುವ ಗಾಡಿಯ ಒಳಗೆ ಏನೋ ಒಂದು ಹುಳುಕು ಇದ್ದೇ ಇರಬೇಕು. ಇಲ್ಲದಿದ್ದರೆ ಅನ್ಯಾಯ. ಹೊಟ್ಟೆ ಹಿಡಿದುಕೊಂಡು, ಶೌಚಕ್ಕೆ ಹೋಗುವವನ ಮುಖ ಮಾಡಿಕೊಂಡು ಹೊರಗೆ ಬಂದ, ಷಡ್ಡಕನ ಗಾಡಿಯ ಮೂತಿ ಎತ್ತಿ ಕೊಳವೆ ಇಳಿಸಿದ. ಬಾಟಲಿ ತುಂಬುತ್ತಿದ್ದ ಹಾಗೆ ಒಳಗೆ ಕೊನೆಯ ಹಾಡು ಶುರುವಾಯಿತು. ಅದನ್ನೂ ಅದೇ ಜಾಕೆಟ್ಟಿನ ಇನ್ನೊಂದು ಜೇಬಿಗೆ ತುರುಕಿ, ಒಳಗೆ ಹೋಗಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ.

ಸಂಜೆ ಚೀಟಿ ಅಂಟಿಸಲು ಕೂತರೆ ಜಾಕೆಟ್ಟು ಒಗೆಯಲು ಹೋಗಿತ್ತು. ಎರಡು ಬಾಟಲಿಯೂ ಅಡುಗೆಮನೆಯ ಕಿಟಕಿಯಲ್ಲಿ ಅಕ್ಕಪಕ್ಕ ನಿಂತಿದ್ದವು. ಯಾವುದು ಯಾವ ಜೇಬಿನಲ್ಲಿತ್ತು ಎಂದು ಕೇಳಿದ್ದಕ್ಕೆ ಜೊಲೀನ್, ಎರಡೂ ಕಪ್ಪು, ಎರಡೂ ಜಿಡ್ಡು, ನನಗೇನು ಗೊತ್ತು, ನಿನಗೆ ಎರಡು ಯಾಕೆ ಬೇಕಾಗಿತ್ತು ಅಂದಳು. ಎರಡನೆಯ ಪ್ರಶ್ನೆ ಮರ್ಲನಿಗೆ ಕೇಳಿಸಲಿಲ್ಲ.

ಹತ್ತೊಂಬತ್ತು ವರ್ಷದ ಅನುಭವ ಸುಮ್ಮನೆ ಅಲ್ಲವಲ್ಲ. ಬಾಟಲಿಗಳನ್ನು ದೀಪಕ್ಕೆ ಹಿಡಿದು ನೋಡಿದ, ಮೂಸಿದ, ಅಲ್ಲಾಡಿಸಿದ. ಒಂದು ತಿಳಿಯಾಗಿತ್ತು. ಇನ್ನೊಂದು ಸ್ವಲ್ಪ ಮಂದ, ಏನೋ ಸಿಹಿ ವಾಸನೆ, ತಳದಲ್ಲಿ ಗಷ್ಟು. ಇದರಲ್ಲಿ ಯೋಚಿಸುವಂಥದ್ದು ಏನಿದೆ ಎಂದುಕೊಂಡು ಗಷ್ಟಿನ ಬಾಟಲಿಗೆ ಡಾರೆಲ್ಲನ ಹೆಸರು ಅಂಟಿಸಿದ. ತಿಳಿಯಾದದ್ದು ಕಡುನೀಲಿಯದ್ದು. ಅಂಟಿಸಿದ ಮೇಲೆ ಅವನಿಗೆ ಎಷ್ಟೋ ತಿಂಗಳಿಂದ ಬಾರದ ನಿದ್ದೆ ಬಂತು.

ಕಾಗದಗಳೂ ಬಂದವು. ಕಡುನೀಲಿಯ ಎಂಜಿನ್ ಆರೋಗ್ಯವಾಗಿದೆ, ನಿಶ್ಚಿಂತೆಯಿಂದ ಓಡಿಸಿ. ಡಾರೆಲ್ಲನದಕ್ಕೆ ಕೆಂಪು ಅಕ್ಷರ: ಆಯಿಲ್‌ಗೆ ರೇಡಿಯೇಟರ್ ನೀರು ಸೇರಿದೆ, ಬೇರಿಂಗು ಸವೆದ ತಾಮ್ರ, ಸೀಸ ವಿಪರೀತ, ಗಾಡಿಯನ್ನು ಕೂಡಲೇ ನಿಲ್ಲಿಸಿ.

ಮರ್ಲ್ ಮೊದಲು ಎಮಿಲನ ಬಳಿ ಓಡಿದ. ಮುದುಕ ಪ್ರಾಮಾಣಿಕ. ಈ ಎಂಜಿನ್ ನೀರು ಕುಡಿಯುತ್ತದೆ ಮಾರಾಯ, ಬೆಲೆ ಅದಕ್ಕೇ ಇಳಿಸಿದ್ದೇನೆ, ಆಮೇಲೆ ನನ್ನನ್ನು ಬೈಯಬೇಡ ಎಂದು ಬಿಡಿಸಿ ಹೇಳಿದ. ಮರ್ಲ್ ಒಳಗೊಳಗೇ ನಕ್ಕ. ಮುದುಕನಿಗೆ ಗಾಡಿ ಬಿಟ್ಟುಕೊಡಲು ಮನಸ್ಸಿಲ್ಲ, ಅದಕ್ಕೇ ಈ ಹೊಸ ರಾಗ ಎಂದುಕೊಂಡ. ಎಮಿಲ್ ಎರಡನೇ ಸಲ ಹೇಳಿದ. ಮರ್ಲ್ ಕಣ್ಣು ಮಿಟುಕಿಸಿದ. ಕೊನೆಗೆ ಎಮಿಲ್, ಇದ್ದದ್ದು ಇದ್ದ ಹಾಗೆ ಕೊಂಡಿದ್ದೇನೆ ಎಂದು ಬರೆಸಿ ಸಹಿ ಹಾಕಿಸಿಕೊಂಡು, ತಲೆ ಕೊಡವುತ್ತ ಕೀಲಿ ಕೊಟ್ಟ. ಮರ್ಲ್ ಅವತ್ತೇ ಬಾಗಿಲ ಮೇಲೆ ಹೆಸರು ಬರೆಸಿದ. ಅಕ್ಷರ ಡಾರೆಲ್ಲನದಕ್ಕಿಂತ ಎರಡು ಬೆರಳು ದೊಡ್ಡದಿತ್ತು, ಅಳೆದೇ ಬರೆಸಿದ್ದು.

ಆಮೇಲೆ ಮುಖ ಇಳಿಬಿಟ್ಟುಕೊಂಡು ಡಾರೆಲ್ಲನ ಮನೆಗೆ ಹೋಗಿ ಕೆಂಪು ಅಕ್ಷರದ ಕಾಗದ ಮೇಜಿನ ಮೇಲಿಟ್ಟ. ನನ್ನ ಪರೀಕ್ಷೆ ಮಾಡಿಸುವಾಗ ನಿನ್ನದೂ ನೆನಪಾಯಿತು, ನಿನಗೆ ಹೇಳಿದರೆ ಬೇಡ ಅನ್ನುತ್ತಿದ್ದೆ, ಕರುಳು ಕೇಳಲಿಲ್ಲ, ಕದ್ದು ತೆಗೆದೆ ಅಂದ. ಡಾರೆಲ್ಲನ ಹೆಂಡತಿ ರೋಂಡಾ ಮರ್ಲನ ಕೈ ಹಿಡಿದು ಅತ್ತಳು. ಡಾರೆಲ್ ಕಾಗದವನ್ನು ಮೂರು ಸಲ ಓದಿ, ನೀನು ಹೇಳದಿದ್ದರೆ ಎಂಜಿನ್ ದಾರಿಯಲ್ಲಿ ಸ್ಫೋಟವಾಗುತ್ತಿತ್ತಲ್ಲೋ ಎಂದು ಮರ್ಲನನ್ನು ತಬ್ಬಿಕೊಂಡ. ಅಷ್ಟು ಗಟ್ಟಿಯಾಗಿ ತಬ್ಬುತ್ತಾನೆ ಎಂದು ಮರ್ಲ್ ಎಣಿಸಿರಲಿಲ್ಲ, ಸ್ವಲ್ಪ ಕಸಿವಿಸಿಯಾಯಿತು.

ಗಾಡಿ ಅಂಗಳದಲ್ಲಿ ನಿಂತಿತು. ಊರಿಗೆ ಒಬ್ಬನೇ ಆದ ಮೆಕ್ಯಾನಿಕ್ ಗಸ್, ಮೂರು ವಾರ ಕೈಯಲ್ಲಿ ಪುರುಸೊತ್ತಿಲ್ಲ ಅಂದ. ಆ ಮೂರು ವಾರ ಡಾರೆಲ್ಲನ ಲೋಡುಗಳೆಲ್ಲ ಮರ್ಲನ ಪಾಲಾದವು. ಇತ್ತ ಆರ್ಡಿತ್ ಎಂಬ ಮುದುಕಿಗೆ ಸುದ್ದಿ ಮುಟ್ಟಿತು. ಚರ್ಚಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ಒಬ್ಬರಿಂದ ಒಬ್ಬರಿಗೆ ಫೋನು ಮಾಡಿಸಿ ಇಡೀ ಊರನ್ನು ಪ್ರಾರ್ಥನೆಗೆ ಕೂರಿಸುವುದು ಅವಳ ಕೆಲಸ. ಇದುವರೆಗೆ ಮಂಡಿ, ಮೂತ್ರಪಿಂಡ, ಒಂದು ಸಲ ಹಸು, ಇಷ್ಟೇ ಆಗಿತ್ತು. ಎಂಜಿನ್ ಹೊಸದು. ಆದರೆ ರೋಂಡಾಳ ಕಣ್ಣೀರು ನೋಡಿ ಆರ್ಡಿತ್ ಅದನ್ನೂ ಸೇರಿಸಿದಳು. ಜನ ಆಲೂಗಡ್ಡೆ, ಚೀಸ್ ಹಾಕಿ ಬೇಯಿಸಿದ ಕ್ಯಾಸರೋಲ್ ಹೊತ್ತುಕೊಂಡು ಡಾರೆಲ್ಲನ ಮನೆಗೆ ಬಂದರು, ಸಾವಿನ ಮನೆಗೆ ಬರುವಂತೆ ಮೆಲ್ಲಗೆ ಮಾತಾಡಿದರು, ಹೋಗುವಾಗ ಗಾಡಿಯ ಮೂತಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಮರ್ಲನಿಗೂ ಒಂದಿಷ್ಟು ಕ್ಯಾಸರೋಲ್ ಬಂತು, ಒಳ್ಳೆಯ ಷಡ್ಡಕನೆಂದು.

ಮೂರು ವಾರಕ್ಕೆ ಗಸ್ ಬಂದು ಎಂಜಿನ್ನಿನ ತಳ ಬಿಚ್ಚಿದ. ಬೇರಿಂಗುಗಳು ಕನ್ನಡಿಯಂತಿದ್ದವು. ನೀರಿನ ಸುಳಿವೇ ಇಲ್ಲ. ಮತ್ತೊಮ್ಮೆ ಆಯಿಲ್ ತೆಗೆದು ಕಳಿಸಿದ, ಕಾಗದ ಬಂತು, ನಿಶ್ಚಿಂತೆಯಿಂದ ಓಡಿಸಿ.

ಆ ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹ್ಯಾಡ್ಲಿಯವರು ಲೂಥರನ್ ಪಂಗಡದ ಕ್ರೈಸ್ತರು, ಅವರಿಗೆ ಪವಾಡ ಎಂದರೆ ಸ್ವಲ್ಪ ಮುಜುಗರ. ದೇವರಿದ್ದಾನೆ ಎಂದು ನಂಬುತ್ತಾರೆ, ಆದರೆ ಅವನು ಹೀಗೆ ಎಲ್ಲರ ಎದುರಿಗೆ ಏನಾದರೂ ಮಾಡಿಬಿಟ್ಟರೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ. ಪಾಸ್ಟರ್ ಲಿಂಡ್‌ಕ್ವಿಸ್ಟ್ ಗಂಟಲು ಸರಿಮಾಡಿಕೊಂಡು, ನಾವು ಆತುರಪಡುವುದು ಬೇಡ, ಆದರೆ ಎರಡೂ ಕಾಗದ ನಾನೇ ಕಣ್ಣಾರೆ ನೋಡಿದ್ದೇನೆ ಅಂದರು. ಆರ್ಡಿತ್ ಎದ್ದುನಿಂತು ಜೋರಾಗಿ ಅತ್ತಳು. ಆಗ ಡಾರೆಲ್ ಮುಜುಗರದಿಂದ ಎದ್ದು, ಇದರಲ್ಲಿ ಪವಾಡ ಗಿವಾಡ ಏನೂ ಇರಲಿಕ್ಕಿಲ್ಲ, ಎಲ್ಲೋ ಬಾಟಲಿ ಅದಲುಬದಲಾಗಿರಬೇಕು ಅಂದ.

ಅಲ್ಲಿಯವರೆಗೆ ಮರ್ಲ್, ಪವಾಡವೂ ಇವನಿಗೇ ಆಗಬೇಕಾ ಎಂದು ಉರಿದುಕೊಂಡು ಕೂತಿದ್ದ. ಈಗ ತಲೆಯೊಳಗೆ ಲೆಕ್ಕ ಸರಸರನೆ ಬಿಚ್ಚಿಕೊಂಡಿತು. ಅಡುಗೆಮನೆಯ ಕಿಟಕಿ, ಅಕ್ಕಪಕ್ಕದ ಬಾಟಲಿ, ಗಷ್ಟು. ಡಾರೆಲ್ಲನ ಎಂಜಿನ್ನನ್ನು ದೇವರು ವಾಸಿಮಾಡಿದ್ದರೆ ಸರಿ. ದೇವರು ಮಾಡಿಲ್ಲವೆಂದಾದರೆ, ಡಾರೆಲ್ಲನ ಎಂಜಿನ್ ಮೊದಲಿನಿಂದಲೂ ನೆಟ್ಟಗಿತ್ತು, ಆ ಕೆಂಪು ಅಕ್ಷರ ಇನ್ನೊಂದು ಗಾಡಿಯದ್ದು, ಆ ಇನ್ನೊಂದು ಗಾಡಿ ಇಬ್ಬರ ಮುಪ್ಪನ್ನೂ ನುಂಗಿಕೊಂಡು ಈಗ ಚರ್ಚಿನ ಹೊರಗೆ ನಿಂತಿತ್ತು, ದೊಡ್ಡ ಅಕ್ಷರದಲ್ಲಿ ಅವನ ಹೆಸರು ಹೊತ್ತು.

ಮರ್ಲ್ ಎದ್ದುನಿಂತ. ಮದುವೆ, ಮರಣ ಬಿಟ್ಟರೆ ಚರ್ಚಿನಲ್ಲಿ ಬಾಯಿ ತೆರೆಯದ ಮನುಷ್ಯ.

"ಬಾಟಲಿ ಬದಲಾಗಿಲ್ಲ. ನಾನೇ ತೆಗೆದದ್ದು, ನಾನೇ ಚೀಟಿ ಅಂಟಿಸಿದ್ದು. ಡಾರೆಲ್, ದೇವರು ನಿನಗೆ ಇಷ್ಟು ಮಾಡಿದಾನೆ, ನೀನು ಅವನನ್ನೇ ಸುಳ್ಳು ಅಂತೀಯಾ?"

ಡಾರೆಲ್ ತಲೆ ತಗ್ಗಿಸಿ ಕೂತ. ಜನ ಮರ್ಲನನ್ನು ಬೇರೆಯೇ ಕಣ್ಣಿನಿಂದ ನೋಡಿದರು. ಪವಾಡ ಗಟ್ಟಿಯಾಯಿತು.

ಅಂದಿನಿಂದ ಹ್ಯಾಡ್ಲಿಯಲ್ಲಿ ಮರ್ಲನಷ್ಟು ಭಕ್ತ ಇನ್ನೊಬ್ಬನಿರಲಿಲ್ಲ. ಬೆಳಗ್ಗೆ ರೇಡಿಯೇಟರಿಗೆ ಒಂದು ಕೊಡ ನೀರು ಹುಯ್ಯುವುದು, ಬಿಸಿಲಿಗೆ ಆರಿಹೋಗಿದೆ ಎನ್ನುವುದು. ಅಕ್ಟೋಬರಿನಲ್ಲಿ ಎಂಥ ಬಿಸಿಲೋ. ಹೊಗೆ ಕೊಳವೆಯಿಂದ ಬಿಳೀ ಹೊಗೆ, ಸಿಹಿ ವಾಸನೆ. ಚಳಿಗೆ ಎಲ್ಲ ಗಾಡಿಯೂ ಹೀಗೇ ಎನ್ನುವುದು. ನೀರಿನ ಕೊಡ ಎರಡಾದಷ್ಟೂ ಅವನ ಭಕ್ತಿ ಎರಡಾಯಿತು. ಕಾಫಿ ಅಂಗಡಿಯಲ್ಲಿ ಗಸ್ ಒಂದು ದಿನ, ನನಗೇನೋ ಬಾಟಲಿ ಬದಲಾಯಿತು ಅನ್ನಿಸುತ್ತೆ ಅಂದದ್ದಕ್ಕೆ ಮರ್ಲ್ ಅವನ ಜೊತೆ ಮುಕ್ಕಾಲು ಗಂಟೆ ವಾದ ಮಾಡಿ, ನಾಸ್ತಿಕ ಎಂದು ಬೈದು ಎದ್ದುಬಂದ. ಷಡ್ಡಕನ ಭಾಗ್ಯವನ್ನು ಹೀಗೆ ಊರೆಲ್ಲ ಹೊಗಳಿ ಮನೆಗೆ ಬಂದ ಮೇಲೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಆರು ವಾರಕ್ಕೆ ಸರಿಯಾಗಿ, ನದಿಯ ದಂಡೆಯ ಏರಿನಲ್ಲಿ, ಟ್ರೇಲರ್ ತುಂಬ ಜೋಳ ಹೊತ್ತಿದ್ದಾಗ, ಕಡುನೀಲಿ ಗಾಡಿ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಮಾಡಿ, ಒಂದು ಮೋಡದಷ್ಟು ಬಿಳೀ ಹೊಗೆ ಬಿಟ್ಟು ನಿಂತಿತು. ಮತ್ತೆ ಉಸಿರೆತ್ತಲಿಲ್ಲ. ಎಳೆದುಕೊಂಡು ಹೋಗಲು ಬಂದವನು ಡಾರೆಲ್, ಆ ವಾಸಿಯಾದ ಗಾಡಿಯಲ್ಲೇ. ಗಸ್ ತಳ ಬಿಚ್ಚಿ ನೋಡಿ, ಮರ್ಲ್ ಬೈದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಆರು ವಾರ ಮುಂಚೆ ತಂದಿದ್ದರೆ ಒಂದೆರಡು ಸೀಲು ಬದಲಾಯಿಸಿ ಮುಗಿಯುತ್ತಿತ್ತು, ಈಗ ಇದರಲ್ಲಿ ಉಳಿಸುವಂಥದ್ದು ಏನೂ ಇಲ್ಲ ಅಂದ. ಜೊಲೀನ್ ಅಲ್ಲೇ ನಿಂತಿದ್ದಳು. ಮನೆಗೆ ಹೋಗಿ ಅವನಿಗೆ ಊಟ ಬಡಿಸಿದಳು.

ಅದೇ ಶನಿವಾರ ಸುಗ್ಗಿಯ ಮೆರವಣಿಗೆ. ಎಲ್ಲಕ್ಕಿಂತ ಮುಂದೆ ಡಾರೆಲ್ಲನ ಗಾಡಿ. ಪಕ್ಕದ ಊರುಗಳಿಂದಲೂ ಜನ ಬಂದಿದ್ದರು, ಮೂತಿ ಮುಟ್ಟಿ ಫೋಟೋ ತೆಗೆಸಿಕೊಂಡರು. ರೋಂಡಾ ಕಿಟಕಿಯಿಂದ ಮಿಠಾಯಿ ಎರಚಿದಳು, ಒಂದು ಬಂದು ಮರ್ಲನ ಹಣೆಗೆ ಬಡಿಯಿತು. ಮಾವ ಜನರ ನಡುವೆ ನಿಂತು, ನನ್ನ ಅಳಿಯ, ನನ್ನ ಅಳಿಯ ಎಂದು ತೋರಿಸುತ್ತಿದ್ದರು. ಆ ಪವಾಡದಿಂದ ಮರ್ಲನಿಗೆ ಇನ್ನು ಯಾವ ಉಪಯೋಗವೂ ಉಳಿದಿರಲಿಲ್ಲ. ಅದರ ನೆಪದಲ್ಲಿ ಅವನು ಮಾನ ಕಾಪಾಡಿಕೊಂಡು ಬಂದಿದ್ದ ಎಂಜಿನ್ ಸತ್ತಿತ್ತು. ಉಳಿದದ್ದು ಹೊಟ್ಟೆಯುರಿ ಒಂದೇ, ಅದು ಸುಮ್ಮನಿರಲು ಬಿಡಲಿಲ್ಲ.

ಮರುದಿನ ಚರ್ಚಿನಲ್ಲಿ ಪಾಸ್ಟರ್, ಯಾರಿಗಾದರೂ ಏನಾದರೂ ಹೇಳಿಕೊಳ್ಳುವುದಿದೆಯೇ ಎಂದು ಎಂದಿನಂತೆ ಕೇಳಿದಾಗ ಮರ್ಲ್ ಎದ್ದ. ಎಲ್ಲವನ್ನೂ ಹೇಳಿದ. ಎರಡು ಜೇಬು, ಒಗೆಯಲು ಹೋದ ಜಾಕೆಟ್ಟು, ಗಷ್ಟಿನ ಬಾಟಲಿಗೆ ಡಾರೆಲ್ಲನ ಹೆಸರು. ಪವಾಡ ಇಲ್ಲ, ಗಿವಾಡ ಇಲ್ಲ, ಅವನ ಎಂಜಿನ್ನಿಗೆ ಯಾವತ್ತೂ ಏನೂ ಆಗಿರಲೇ ಇಲ್ಲ, ನೀವೆಲ್ಲ ಸುಮ್ಮನೆ ಮುಟ್ಟಿ ಮುಟ್ಟಿ ಬಣ್ಣ ಕಳೆದದ್ದೇ ಬಂತು ಎಂದು ಮುಗಿಸಿದ.

ಎಲ್ಲರಿಗಿಂತ ಮೊದಲು ಮಾತಾಡಿದವಳು ಆರ್ಡಿತ್.

"ಮರ್ಲ್, ನಿನ್ನ ಗಾಡಿ ಹೋದ ಸಂಕಟ ನಮಗೆ ಅರ್ಥ ಆಗುತ್ತಪ್ಪ. ಹಾಗಂತ ಷಡ್ಡಕನಿಗೆ ದೇವರು ಕೊಟ್ಟದ್ದರ ಮೇಲೆ ಇಷ್ಟು ಹೊಟ್ಟೆಕಿಚ್ಚು ಪಡಬಾರದು."

ಮರ್ಲ್ ಹೌಹಾರಿದ. ನಿಜ ಹೇಳುತ್ತಿದ್ದೇನೆ, ಆಣೆ ಮಾಡುತ್ತೇನೆ ಅಂದ. ಚರ್ಚಿನಲ್ಲಿ ನಿಂತು ಆಣೆ ಮಾಡುತ್ತಾನೆ ಎಂದು ಹಿಂದಿನ ಬೆಂಚಿನವರು ಪಿಸುಗುಟ್ಟಿದರು. ಅಷ್ಟರಲ್ಲಿ ಡಾರೆಲ್ ಎದ್ದು, ಅವನು ಹೇಳುವುದೇ ಸರಿ, ನಾನು ಮೊದಲಿನಿಂದ ಇದನ್ನೇ ಹೇಳುತ್ತಿದ್ದೇನೆ ಎಂದ. ಎಂಥ ವಿನಯ ನೋಡಿ ಎಂದು ಅಲ್ಲಲ್ಲಿ ಕರವಸ್ತ್ರಗಳು ಹೊರಬಂದವು. ಪಾಸ್ಟರ್ ಮರ್ಲನ ಹೆಗಲ ಮೇಲೆ ಕೈಯಿಟ್ಟು, ಅಸೂಯೆ ಎಲ್ಲರಿಗೂ ಬರುವಂಥದ್ದೇ, ಒಪ್ಪಿಕೊಳ್ಳಬೇಕು ಅಷ್ಟೆ ಅಂದರು. ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಿದಾಗ ಪ್ರೀತಿ ಅಂದ ಜನ, ನಿಜ ಹೇಳಿದಾಗ ಹೊಟ್ಟೆಕಿಚ್ಚು ಅಂದರು. ಅದೂ ಸುಳ್ಳಲ್ಲವಲ್ಲ, ಅದೇ ಅವನ ಕಷ್ಟ.

ವಾಪಸು ಬರುವಾಗ ಕಾರು ಜೊಲೀನ್ ಓಡಿಸುತ್ತಿದ್ದಳು.

"ಗಷ್ಟಿದ್ದದ್ದು ಅವನದ್ದೇ ಅಂತ ಹೇಗೆ ಗೊತ್ತಾಯ್ತು ನಿನಗೆ?"

"ಗೊತ್ತಾಗಲಿಲ್ಲ. ಅವನದ್ದಾಗಿರಲಿ ಅಂತ."

"ಬದಲಾಗಿದೆ ಅಂತ ಯಾವಾಗ ಹೊಳೀತು?"

"ಅವನು ಚರ್ಚಲ್ಲಿ ಎದ್ದುನಿಂತು ಹೇಳಿದ ದಿನ."

ಜೊಲೀನ್ ಬೆರಳು ಮಡಚಿ ವಾರ ಎಣಿಸಿದಳು. ಆರಾಯಿತು. ಮುಂದಿನ ತಿರುವಿನಲ್ಲಿ ಕಾರನ್ನು ಮನೆಯ ಕಡೆಗೆ ತಿರುಗಿಸಿದಳು.

"ನಾನು ನಂಬ್ತೀನಿ," ಅಂದಳು.

ಹ್ಯಾಡ್ಲಿಯಲ್ಲಿ ಅವನನ್ನು ಆ ಆರು ವಾರದ ಲೆಕ್ಕದ ಸಮೇತ ನಂಬಿದವಳು ಅವಳೊಬ್ಬಳೇ. ಅವಳೂ ನಂಬದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮರ್ಲನಿಗೆ ಅನ್ನಿಸಿತು.

ಕಂಪನಿಯವರು ಅವನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡಾಗಿತ್ತು. ಕಡುನೀಲಿ ಗಾಡಿ ಗುಜರಿಗೆ ಹೋಯಿತು. ಡಾರೆಲ್ಲನಿಗೆ ಈಗ ಊರೂರಿನ ಚರ್ಚುಗಳಿಂದ ಕರೆ, ಬೇಡವೆಂದರೆ ರೋಂಡಾ ಬಿಡುವುದಿಲ್ಲ, ಲೋಡು ಹೊರುವವರಿಲ್ಲ. ಅವನೇ ಬಂದು, ನಾಚಿಕೊಂಡು, ನನ್ನ ಗಾಡಿ ಓಡಿಸುತ್ತೀಯಾ ಮರ್ಲ್ ಎಂದು ಕೇಳಿದ. ಮರ್ಲ್ ಜೊಲೀನಳ ಮುಖ ನೋಡಿದ, ಕೀಲಿ ತೆಗೆದುಕೊಂಡ.

ಎಂಜಿನ್ ಬೆಣ್ಣೆಯ ಹಾಗಿತ್ತು. ಏರಿನಲ್ಲಿ ಒಂದು ಸಲವೂ ಉಸಿರುಗಟ್ಟಲಿಲ್ಲ. ಮರ್ಲ್ ದಾರಿಯುದ್ದಕ್ಕೂ ಅದನ್ನು ಬೈಯುತ್ತ ಓಡಿಸಿದ.

ಗ್ರ್ಯಾಂಡ್ ಐಲೆಂಡ್ ಪಟ್ಟಣ ದಾಟಿ ಡೀಸೆಲ್ ಹಾಕಿಸಲು ನಿಲ್ಲಿಸಿದ್ದಾಗ, ವಯಸ್ಸಾದ ಗಂಡಹೆಂಡತಿ ಮೆಲ್ಲಗೆ ಹತ್ತಿರ ಬಂದರು. ಹೆಂಗಸು ಬಾಗಿಲ ಮೇಲಿನ ಹೆಸರನ್ನು ಓದಿ ಗಂಡನ ತೋಳು ಹಿಡಿದುಕೊಂಡಳು. ಗಂಡಸು ಟೋಪಿ ತೆಗೆದ.

"ನೀವೇ ಅಲ್ವಾ ಡಾರೆಲ್ ಕುಚೇರಾ?"

ಮರ್ಲ್ ಬಾಗಿಲ ಮೇಲಿನ ಹೆಸರಿನತ್ತ ನೋಡಿದ. ಹೊಟ್ಟೆ ಒಳಕ್ಕೆಳೆದುಕೊಂಡ.

"ಹೌದು," ಅಂದ.

ಮುದುಕ ಅವನ ಕೈ ಹಿಡಿದು ಕುಲುಕಿದ. ಮುದುಕಿ ಮೂತಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಏನೋ ಹೇಳಿಕೊಂಡಳು. ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು.

"ನಿಮಗೊಬ್ಬ ಷಡ್ಡಕ ಇದ್ದಾನಂತೆ. ಮಹಾ ಹೊಟ್ಟೆಕಿಚ್ಚಿನವನಂತೆ, ನಿಜವಾ?"

"ನಿಜ," ಅಂದ ಮರ್ಲ್. "ಆದರೆ ಗಾಡಿ ಚೆನ್ನಾಗಿ ಓಡಿಸ್ತಾನೆ."